ತಾಗಿತೋ, ಬಿತ್ತೋ: ಹಗುರ ಗುಂಡಿನ 120 ವರ್ಷ

ಮಲೆನಾಡಿನ ನಮ್ಮೂರಲ್ಲಿ ರಾತ್ರಿ ಕಾಡಿನ ಕಡೆಯಿಂದ ಈಡಿನ ಸದ್ದು ಕೇಳಿದರೆ, ಬೆಳಿಗ್ಗೆ ಜಗಲಿಯಲ್ಲಿ ಕೂತ ಹಿರಿಯರು ಕೇಳುತ್ತಿದ್ದುದು ಒಂದೇ ಮಾತು: "ಬಿತ್ತಾ?" "ತಾಗಿದೆ" ಎಂಬ ಉತ್ತರ ಬಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ತಾಗಿಯೂ ಬೀಳದ ಹಂದಿ ಯಾವುದೋ ಜಿಗ್ಗಿನೊಳಗೆ ಮೂರು ದಿನ ನರಳಿ ಸಾಯುತ್ತದೆ. ಇಲ್ಲವೇ ಸೊಪ್ಪಿಗೆ ಹೋದವರ ಮೇಲೆ ಏರಿ ಬರುತ್ತದೆ. ಈಡು ಹೊಡೆದವನ ಗುರಿಯನ್ನು ಆ ಹಿರಿಯರು ಹೊಗಳಿದ್ದು ನನಗೆ ನೆನಪಿಲ್ಲ. ಪ್ರಾಣಿ ಬಿದ್ದ ಸುದ್ದಿ ಬಂದ ಮೇಲಷ್ಟೇ ಅವರು ಬೇರೆ ಮಾತು ತೆಗೆಯುತ್ತಿದ್ದರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮಲ್ಲಿ ಶಿಕಾರಿಯ ಕಾಲವನ್ನು ಮುಗಿಸಿತು. ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಯುರೋಪ್, ಅಮೆರಿಕ, ಆಫ್ರಿಕಾಗಳಲ್ಲಿ ಕಾನೂನಿನ ಚೌಕಟ್ಟಿನಲ್ಲಿ ಬೇಟೆ ನಡೆದೇ ಇದೆ. ವರ್ಷವರ್ಷವೂ ಲಕ್ಷಾಂತರ ಜಿಂಕೆಗಳು ರೈಫಲ್ಲಿನ ಗುಂಡಿಗೆ ಬೀಳುತ್ತವೆ. ಭಾರದ ಗುಂಡನ್ನು ಬಿಟ್ಟು ಹಗುರ ಗುಂಡನ್ನು ಅತಿ ವೇಗದಲ್ಲಿ ಹಾರಿಸುವ ಪದ್ಧತಿ ಅಲ್ಲಿ ಬೇರೂರಿ 120 ವರ್ಷಗಳಾದವು. ಅದರ ಲಾಭನಷ್ಟವನ್ನು ಜಗಲಿಯ ಆ ಪ್ರಶ್ನೆಯಿಂದಲೇ ಅಳೆಯಬೇಕು.

ಕರಿಮದ್ದಿನ ಕಾಲದಲ್ಲಿ ವೇಗಕ್ಕೆ ಮಿತಿಯಿತ್ತು. ಹೆಚ್ಚು ಬಲ ಬೇಕೆಂದರೆ ದಪ್ಪ ನಳಿಗೆ, ಭಾರದ ಸೀಸ. ಬೇರೆ ದಾರಿ ಇರಲಿಲ್ಲ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದನ್ನು ಮಾಡಿದ ಮೇಲೆ ಆ ಗೋಡೆ ಬಿತ್ತು. ಇಪ್ಪತ್ತೇ ವರ್ಷಗಳಲ್ಲಿ ಜರ್ಮನ್ ಸೇನೆ 227 ಗ್ರೇನಿನ ಮೊಂಡುಗುಂಡನ್ನು ಬಿಟ್ಟು 154 ಗ್ರೇನಿನ ಚೂಪುಗುಂಡಿಗೆ ಬಂತು. 1906ರಲ್ಲಿ ಅಮೆರಿಕದ ಸೇನೆ 220 ಗ್ರೇನಿನಿಂದ 150ಕ್ಕೆ ಇಳಿಯಿತು. ವೇಗ ಸೆಕೆಂಡಿಗೆ 2300 ಅಡಿಯಿಂದ 2700ಕ್ಕೆ ಏರಿತು. ಒಂದು ಗ್ರೇನ್ ಎಂದರೆ 0.065 ಗ್ರಾಂ. ಗುಂಡಿನ ಮೂರರಲ್ಲೊಂದು ಭಾಗ ತೂಕ ಹೋಯಿತು, ಅದರ ದಾರಿ ನೆಟ್ಟಗಾಯಿತು.

ನೆಟ್ಟನೆಯ ದಾರಿ ಬೇಟೆಗಾರನಿಗೆ ನಿಜವಾದ ವರ. ಬಯಲಿನಲ್ಲಿ ನಿಂತ ಜಿಂಕೆ 200 ಗಜ ದೂರವೋ 280 ಗಜವೋ ಎಂದು ಬರಿಗಣ್ಣಿನಿಂದ ಹೇಳುವುದು ಕಷ್ಟ. ನಿಧಾನದ ಗುಂಡಾದರೆ ಆ ಅಂದಾಜು ತಪ್ಪಿದಷ್ಟೂ ಎದೆಗೆ ಇಟ್ಟ ಗುರಿ ಕಾಲಿಗೆ ತಾಗುತ್ತದೆ. ವೇಗದ ಗುಂಡು ಆ ತಪ್ಪನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಎಷ್ಟೋ ಪ್ರಾಣಿಗಳ ನರಳಾಟವನ್ನು ಇದು ತಪ್ಪಿಸಿರಬೇಕು. ವೇಗವನ್ನು ಬರಿಯ ಶೋಕಿ ಎಂದು ತಳ್ಳಿಹಾಕುವವರ ಜೊತೆ ನಾನು ನಿಲ್ಲಲಾರೆ.

ಆದರೆ 1911ರಲ್ಲೇ ಒಂದು ಎಚ್ಚರಿಕೆ ಸಿಕ್ಕಿತ್ತು. ಬ್ರಿಟನ್ನಿನ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ಅವರ ತಮ್ಮ ಜಾರ್ಜ್ ಗ್ರೇ ಕೀನ್ಯಾದ ಅಥಿ ಬಯಲಿನಲ್ಲಿ ಸಿಂಹದ ಬೇಟೆಗೆ ಹೊರಟರು. ಕೈಯಲ್ಲಿದ್ದುದು ಆ ಕಾಲದ ಅತಿ ವೇಗದ ರೈಫಲ್ಲುಗಳಲ್ಲೊಂದಾದ .280 ರಾಸ್. ಸುಮಾರು 145 ಗ್ರೇನಿನ ಗುಂಡು, ಸೆಕೆಂಡಿಗೆ 2900 ಅಡಿಯ ಆಸುಪಾಸು. ಏರಿ ಬಂದ ಸಿಂಹಕ್ಕೆ ತೀರ ಹತ್ತಿರದಿಂದ ಹೊಡೆದರು, ಗುಂಡು ತಾಗಿತು, ಸಿಂಹ ನಿಲ್ಲಲಿಲ್ಲ. ಆ ಗಾಯಗಳಿಂದಲೇ ಗ್ರೇ ತೀರಿಕೊಂಡರು. ದೂರದ ಜಿಂಕೆಗೆಂದು ಮಾಡಿದ ತೆಳು ಕವಚದ ಗುಂಡು ಹತ್ತಿರದಲ್ಲಿ ಪೂರ್ತಿ ವೇಗದಿಂದ ಗಟ್ಟಿ ಸ್ನಾಯುವಿಗೆ ಬಡಿದರೆ ಮೇಲ್ಮೈಯಲ್ಲೇ ಒಡೆದು ಚೂರಾಗುತ್ತದೆ. ಗಾಯ ನೋಡಲು ಭೀಕರ. ಒಳಗಿನ ಹೃದಯ, ಶ್ವಾಸಕೋಶಗಳು ಹಾಗೇ ಉಳಿದಿರುತ್ತವೆ. ವೇಗ ಹೆಚ್ಚಿದ್ದರಿಂದಲೇ ಗುಂಡು ಸೋತಿತು.

ಈ ಪಾಠವನ್ನು ಮಾರುಕಟ್ಟೆ ಕೇಳಿಸಿಕೊಳ್ಳಲಿಲ್ಲ. 1915ರ .250-3000 ಸ್ಯಾವೇಜ್‌ನ ಕಥೆ ನನ್ನನ್ನು ಇಂದಿಗೂ ಕಾಡುತ್ತದೆ. ಅದನ್ನು ರೂಪಿಸಿದ ಚಾರ್ಲ್ಸ್ ನ್ಯೂಟನ್‌ಗೆ 100 ಗ್ರೇನಿನ ಗುಂಡು ಬೇಕಿತ್ತು. ಜಿಂಕೆಗೆ ಅದೇ ತಕ್ಕದ್ದು. ಆದರೆ ಸೆಕೆಂಡಿಗೆ 3000 ಅಡಿ ಎಂಬ ದುಂಡು ಸಂಖ್ಯೆ ಜಾಹೀರಾತಿಗೆ ಬೇಕೆಂದು ಕಂಪನಿ ಗುಂಡನ್ನು 87 ಗ್ರೇನಿಗೆ ಇಳಿಸಿತು. ತೋಟಾದ ಹೆಸರಿನಲ್ಲೇ ಆ ಸಂಖ್ಯೆ ಕೂತುಕೊಂಡಿತು. ಹದಿಮೂರು ಗ್ರೇನ್, ಅಂದರೆ ಒಂದು ಗ್ರಾಮಿಗೂ ಕಡಿಮೆ, ದೊಡ್ಡ ಮಾತೇನು ಎನ್ನಬಹುದು. ನನಗೆ ನೋವಾಗುವುದು ತೂಕಕ್ಕಲ್ಲ. ಪ್ರಾಣಿಯ ಮೈಗೆ ಎಂಥ ಗುಂಡು ಬೇಕು ಎಂಬುದನ್ನು ಅಂಗಡಿಯ ಫಲಕ ತೀರ್ಮಾನಿಸಿತಲ್ಲ, ಅದಕ್ಕೆ.

1935ರಲ್ಲಿ ವಿಂಚೆಸ್ಟರ್‌ನ .220 ಸ್ವಿಫ್ಟ್ ಬಂತು: 48 ಗ್ರೇನ್, ಅಂದರೆ ಬರೀ 3 ಗ್ರಾಂ, ಸೆಕೆಂಡಿಗೆ 4110 ಅಡಿ. ಶಾಲೆಯಲ್ಲಿ ಕಲಿತ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ತೂಕ ಎರಡರಷ್ಟಾದರೆ ಚಲನಶಕ್ತಿ ಎರಡರಷ್ಟು. ವೇಗ ಎರಡರಷ್ಟಾದರೆ ನಾಲ್ಕರಷ್ಟು. ಹಾಗಾಗಿ ಈ ಪುಟ್ಟ ಗುಂಡಿನ ಚಲನಶಕ್ತಿ ಸುಮಾರು 1800 ಅಡಿ-ಪೌಂಡ್, 87 ಗ್ರೇನಿನ ಸ್ಯಾವೇಜ್‌ಗಿಂತ ಒಂದು ಕೂದಲೆಳೆ ಹೆಚ್ಚೇ. ಆದರೆ ತೂಕವನ್ನು ವೇಗದಿಂದ ಗುಣಿಸಿದ ಸಂವೇಗದಲ್ಲಿ ಸ್ವಿಫ್ಟ್ ಕಾಲುಭಾಗ ಕಡಿಮೆ. ಹೆಗ್ಗಣದಂಥ ಸಣ್ಣ ಪ್ರಾಣಿಗೆ ಈ ಗುಂಡು ಸಿಡಿಲು. ಜಿಂಕೆಯ ಹೆಗಲ ಮೂಳೆಗೆ ತಾಗಿದರೆ ಅಲ್ಲೇ ಪುಡಿಯಾಗಬಹುದು. ಅಮೆರಿಕದ ಕೆಲವು ರಾಜ್ಯಗಳು ಜಿಂಕೆಗೆ ಇಂಥ ಸಣ್ಣ ನಳಿಗೆಯನ್ನು ಬಳಸಬಾರದು ಎಂದದ್ದು ಸುಮ್ಮನೆ ಅಲ್ಲ.

ಹಗುರ ಗುಂಡಿನ ಪರವಾಗಿ ವಾದಿಸುವವರು ಆನೆ ಬೇಟೆಗಾರ ಡಬ್ಲ್ಯೂ. ಡಿ. ಎಂ. ಬೆಲ್ ಹೆಸರನ್ನು ತರುತ್ತಾರೆ. ಸಣ್ಣ ನಳಿಗೆಯ 7 ಮಿ.ಮೀ. ರೈಫಲ್ಲಿನಿಂದ ನೂರಾರು ಆನೆಗಳನ್ನು ಉರುಳಿಸಿದ್ದು ನಿಜ. ಆದರೆ ಅವರು ಬಳಸಿದ್ದು 173 ಗ್ರೇನಿನ ಉದ್ದನೆಯ, ಪೂರ್ತಿ ಕವಚದ, ಒಡೆಯದ ಗುಂಡು. ಅದರ ವೇಗವೂ ಸಾಧಾರಣ. ಆನೆಯ ತಲೆಬುರುಡೆಯ ರಚನೆ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಆ ಸಾಕ್ಷಿಯನ್ನು ವೇಗದ ಖಾತೆಗೆ ಜಮಾ ಮಾಡುವುದು ತಪ್ಪು.

ನಮ್ಮ ಕಡೆಯ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಪರಿಚಯವಾದ ಬೆಂಗಳೂರಿನ ಕೆನೆತ್ ಆಂಡರ್ಸನ್ ನಂಬಿದ್ದು .405 ವಿಂಚೆಸ್ಟರನ್ನು: 300 ಗ್ರೇನಿನ ಗುಂಡು, ಸೆಕೆಂಡಿಗೆ ಸುಮಾರು 2200 ಅಡಿ. ಪೊದೆಗಳ ನಡುವೆ ಮೂವತ್ತು ನಲವತ್ತು ಗಜದಲ್ಲಿ ಎದುರಾಗುವ ಚಿರತೆಗೆ ನೆಟ್ಟನೆಯ ದಾರಿಯ ಹಂಗೇನಿದೆ? ಇನ್ನು ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿ. 436 ಜನರನ್ನು ತಿಂದದ್ದು ಎಂದು ಅದರ ದಾಖಲೆ. ಅದರ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಸಹಜ ಬೇಟೆಯಾಡಲಾರದೆ ಅದು ಮನುಷ್ಯರತ್ತ ತಿರುಗಿತು ಎಂದರು ಕಾರ್ಬೆಟ್. ಆ ಗುಂಡು ಹಗುರವೋ ಭಾರವೋ, ತಾಗಿತ್ತು, ಹುಲಿ ಬಿದ್ದಿರಲಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ನಡೆದ ಜಗಳ ಬಹುಪಾಲು ಬರಡು. .270 ವಿಂಚೆಸ್ಟರ್ ಮತ್ತು ಅದರ 130 ಗ್ರೇನಿನ ಗುಂಡನ್ನು ಲೇಖಕ ಜ್ಯಾಕ್ ಓಕಾನರ್ ಎತ್ತಿಹಿಡಿದರು, ಎಲ್ಮರ್ ಕೀತ್ ಭಾರದ ಗುಂಡೇ ಗುಂಡು ಎಂದರು. ರಾಯ್ ವೆದರ್ಬಿ ವೇಗವನ್ನು ಇನ್ನೂ ಏರಿಸಿದರು. ಆದರೆ ಈ ಜಗಳದ ಗುಂಡಿಗೆಯೊಳಗೆ ಕೈಹಾಕಿದವರು ಜಾನ್ ನೋಸ್ಲರ್. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರು ಮೆತ್ತಿದ ಮೂಸ್ ಎಂಬ ದೊಡ್ಡ ಜಿಂಕೆಯೊಂದಕ್ಕೆ ಅವರು ಹತ್ತಿರದಿಂದ ಹೊಡೆದ ಗುಂಡುಗಳು ಒಳಹೋಗದೆ ಒಡೆದವು. ಮನೆಗೆ ಬಂದು ಅವರು ಮಾಡಿದ್ದು ನಡುವೆ ತಾಮ್ರದ ಅಡ್ಡಗೋಡೆಯಿರುವ ಗುಂಡು. ಮುಂದಿನ ಅರ್ಧ ಅಣಬೆಯಂತೆ ಅರಳುತ್ತದೆ, ಹಿಂದಿನ ಅರ್ಧ ಇಡಿಯಾಗಿ ಉಳಿದು ಆಳಕ್ಕೆ ನುಗ್ಗುತ್ತದೆ. 1948ರಿಂದ ಅದು ಮಾರಾಟಕ್ಕೆ ಬಂತು. ಪ್ರಾಣಿಯೊಳಗೆ ಗುಂಡಿಗೆ ಏನಾಗುತ್ತದೆ ಎಂಬ ಪ್ರಶ್ನೆ ಹೀಗೆ ಮೊದಲ ಸಾಲಿಗೆ ಬಂತು.

ಆಮೇಲೆ ಎರಡು ತಿರುವುಗಳು, ಒಂದಕ್ಕೊಂದು ವಿರುದ್ಧ ದಿಕ್ಕಿನವು. ದೂರ ಅಳೆಯುವ ಲೇಸರ್ ಉಪಕರಣ ಕೈಗೆ ಬಂದ ಮೇಲೆ ಅಂದಾಜಿನ ತಪ್ಪು ನುಂಗುವ ವೇಗದ ಅಗತ್ಯ ಕುಗ್ಗಿತು. 2007ರ 6.5 ಕ್ರೀಡ್‌ಮೂರ್‌ನ ಉದ್ದನೆಯ, ಸಾಧಾರಣ ವೇಗದ ಗುಂಡುಗಳು ಮೆಚ್ಚುಗೆ ಗಳಿಸಿದವು. ಹಗುರ ಗುಂಡಿನ ಕಾಲ ಮುಗಿಯಿತು ಎನ್ನುವಷ್ಟರಲ್ಲಿ ಅದನ್ನು ಮರಳಿ ಕರೆತಂದದ್ದು ಒಂದು ರಣಹದ್ದು. ಕ್ಯಾಲಿಫೋರ್ನಿಯಾ ಕಾಂಡೋರ್ 1987ರಲ್ಲಿ 27ಕ್ಕೆ ಇಳಿದಿತ್ತು. ಬೇಟೆಗಾರರು ಬಿಟ್ಟುಹೋದ ಕರುಳು ಮಾಂಸದಲ್ಲಿನ ಸೀಸದ ಚೂರುಗಳು ಈ ಹಕ್ಕಿಗಳಿಗೆ ವಿಷವಾಗುತ್ತಿದ್ದವು. ವೇಗ ಹೆಚ್ಚಿದಷ್ಟೂ ಸೀಸ ನುಣ್ಣಗೆ ಸಿಡಿದು ಗಾಯದಿಂದಾಚೆಗೂ ಹರಡುತ್ತದೆ. ಮನೆಗೊಯ್ದ ಮಾಂಸಕ್ಕೂ ಅದು ಸೇರುತ್ತದೆ. 2019ರ ಜುಲೈ 1ರಿಂದ ಕ್ಯಾಲಿಫೋರ್ನಿಯಾ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿತು. 2024ರ ಏಪ್ರಿಲ್‌ನಿಂದ ಡೆನ್ಮಾರ್ಕ್ ರೈಫಲ್ ಗುಂಡಿಗೂ ಸೀಸದ ನಿಷೇಧವನ್ನು ಅನ್ವಯಿಸಿತು.

ಸೀಸದ ಜಾಗಕ್ಕೆ ಬಂದದ್ದು ತಾಮ್ರ. ಸೀಸದ ಸಾಂದ್ರತೆ 11.3, ತಾಮ್ರದ್ದು 9ಕ್ಕೆ ತುಸು ಕಡಿಮೆ. ಅದೇ ಉದ್ದಗಲದ ಗುಂಡು ತಾನಾಗಿಯೇ ಹಗುರ. ಅದು ಒಡೆಯುವುದಿಲ್ಲ, ದಳ ಬಿಚ್ಚಿ, ಬಹುಪಾಲು ತೂಕ ಉಳಿಸಿಕೊಂಡು ಆಳಕ್ಕೆ ಹೋಗುತ್ತದೆ. ಜಾರ್ಜ್ ಗ್ರೇಗೆ ಕೈಕೊಟ್ಟ ಹಗುರ ಗುಂಡಿನ ದೋಷ ಹೀಗೆ ಲೋಹ ಬದಲಾದಾಗ ಬಹುಮಟ್ಟಿಗೆ ನೀಗಿದೆ. ಸ್ಕಾಟ್ಲೆಂಡ್ ದೊಡ್ಡ ಜಿಂಕೆಗೆ 1985ರಿಂದ ಕನಿಷ್ಠ 100 ಗ್ರೇನಿನ ಗುಂಡು ಎಂದು ವಿಧಿಸಿತ್ತು. 2023ರಲ್ಲಿ ಅದನ್ನು 80ಕ್ಕೆ ಇಳಿಸಿದ್ದು ಸೀಸವಿಲ್ಲದ ಗುಂಡುಗಳಿಗೆ ದಾರಿ ಮಾಡಲೆಂದೇ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ.

ಒಂದು ಷರತ್ತಿದೆ. ತಾಮ್ರ ಗಟ್ಟಿ ಲೋಹ. ತಕ್ಕ ವೇಗವಿಲ್ಲದಿದ್ದರೆ ಅರಳುವುದಿಲ್ಲ. ಹಲವು ಗುಂಡುಗಳಿಗೆ ಪ್ರಾಣಿಯನ್ನು ಮುಟ್ಟುವಾಗ ಸೆಕೆಂಡಿಗೆ 2000 ಅಡಿಯ ಆಸುಪಾಸು ಉಳಿದಿರಬೇಕು. ಹಗುರ ಗುಂಡು ಗಾಳಿಯಲ್ಲಿ ಬೇಗ ಸೊರಗುತ್ತದೆ. ಆ ಮಿತಿ ದಾಟಿದ ದೂರದಲ್ಲಿ ಅದು ದಬ್ಬಣದಂತೆ ತೂರಿಹೋಗುತ್ತದೆ, ಜಿಂಕೆ ಓಡುತ್ತದೆ, ನೆತ್ತರ ಜಾಡೂ ಸರಿಯಾಗಿ ಸಿಗುವುದಿಲ್ಲ. ತನ್ನ ರೈಫಲ್ಲಿಗೆ ಆ ದೂರ ಎಷ್ಟು ಗಜ ಎಂಬುದನ್ನು ಬೇಟೆಗಾರ ಮನೆಯಲ್ಲೇ ಲೆಕ್ಕ ಹಾಕಿಟ್ಟುಕೊಳ್ಳಬಹುದು. ಅದರಾಚೆ ನಿಂತ ಜಿಂಕೆಯ ಮೇಲೆ ಕೋವಿ ಎತ್ತಬಾರದು.