ನೋವರಿಯದ ಪಾದ

1908ರ ಬೇಸಗೆಯಲ್ಲಿ ಡೆನ್ಮಾರ್ಕಿನ ಶರೀರವಿಜ್ಞಾನಿ ಆಗಸ್ಟ್ ಕ್ರೋಗ್ ಅವರು ವೈದ್ಯೆಯಾದ ತಮ್ಮ ಪತ್ನಿ ಮೇರಿಯವರೊಡನೆ ಗ್ರೀನ್‌ಲೆಂಡಿಗೆ ಹಡಗೇರಿದರು. ಧಾನ್ಯವೇ ಬೆಳೆಯದ ಆ ಹಿಮದ ನಾಡಿನಲ್ಲಿ ಸೀಲು, ಮೀನು, ತಿಮಿಂಗಿಲಗಳ ಮಾಂಸವನ್ನೂ ಕೊಬ್ಬನ್ನೂ ಉಂಡು ಬದುಕುವ ಇನ್ಯೂಟ್ ಜನರ ದೇಹ ಅಂಥ ಆಹಾರವನ್ನು ಹೇಗೆ ಅರಗಿಸಿಕೊಳ್ಳುತ್ತದೆ ಎಂಬುದನ್ನು ತಿಳಿಯುವುದು ದಂಪತಿಗಳ ಉದ್ದೇಶವಾಗಿತ್ತು. ಸ್ನಾಯುಗಳೊಳಗಿನ ಕೂದಲೆಳೆಯಂಥ ರಕ್ತನಾಳಗಳು ಅಗತ್ಯಕ್ಕೆ ತಕ್ಕಂತೆ ತೆರೆದುಕೊಳ್ಳುವ ಬಗೆಯನ್ನು ಕಂಡುಹಿಡಿದುದಕ್ಕಾಗಿ 1920ರಲ್ಲಿ ಕ್ರೋಗ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಮೇರಿಯವರನ್ನು ಮಧುಮೇಹ ಹಿಡಿದಿತ್ತು. 1922ರಲ್ಲಿ ಕ್ರೋಗ್ ಅವರು ಕೆನಡಾದ ಟೊರಾಂಟೊ ನಗರಕ್ಕೆ ಹೋಗಿ, ಆಗತಾನೆ ದೊರೆತಿದ್ದ ಇನ್ಸುಲಿನ್ ಎಂಬ ಸಂಜೀವಿನಿಯನ್ನು ತಯಾರಿಸಲು ಅನುಮತಿ ಪಡೆದು ತಾಯ್ನಾಡಿಗೆ ಮರಳಿದರು.

ಗ್ರೀನ್‌ಲೆಂಡ್, ಸ್ನಾಯು, ಮಧುಮೇಹ: ಒಂದೇ ದಾಂಪತ್ಯದಲ್ಲಿ ಬೇರೆಬೇರೆಯಾಗಿ ಬಂದ ಈ ಮೂರು ಎಳೆಗಳು ಒಂದೇ ಹಗ್ಗವಾಗಿ ಹೊಸೆದುಕೊಳ್ಳಲು ನೂರು ವರ್ಷಗಳೇ ಬೇಕಾದವು.

1960ರ ದಶಕದಲ್ಲಿ ವೈದ್ಯರು ಪರೀಕ್ಷಿಸಿದಾಗ ಗ್ರೀನ್‌ಲೆಂಡಿನ ಇನ್ಯೂಟರಲ್ಲಿ ಮಧುಮೇಹ ಬಹು ವಿರಳವಾಗಿತ್ತು. ಆದರೆ ಬೇಟೆಯ ಬದುಕು ಹಿಂದೆ ಸರಿದು ಅಂಗಡಿಯ ರೊಟ್ಟಿ, ಸಕ್ಕರೆಗಳು ಮನೆಮನೆಗೂ ಬಂದವು. ಶತಮಾನದ ಕೊನೆಯ ಹೊತ್ತಿಗೆ 35 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಆ ರೋಗವಿತ್ತು. ಅವರಲ್ಲಿ ಹೆಚ್ಚಿನವರಿಗೆ ಅದರ ಸುಳಿವೇ ಇರಲಿಲ್ಲ.

ಆಹಾರವೊಂದೇ ಇದಕ್ಕೆ ಕಾರಣವೆ? 2014ರಲ್ಲಿ ಡೆನ್ಮಾರ್ಕ್ ಮತ್ತು ಗ್ರೀನ್‌ಲೆಂಡಿನ ಸಂಶೋಧಕರು ಮತ್ತೊಂದು ಕಾರಣವನ್ನು ಬೆಳಕಿಗೆ ತಂದರು. ಊಟದ ಬಳಿಕ ಇನ್ಸುಲಿನ್ ಬಂದು ಕರೆ ಕೊಟ್ಟಾಗ ಸ್ನಾಯುವಿನ ಜೀವಕೋಶವು ಒಳಗಿರಿಸಿಕೊಂಡ ಬಾಗಿಲುಗಳನ್ನು ಹೊರಮೈಗೆ ತಂದು ಸಕ್ಕರೆಯನ್ನು ಬರಮಾಡಿಕೊಳ್ಳುತ್ತದೆ. ಈ ಕೆಲಸದಲ್ಲಿ ನೆರವಾಗುವ ಸಸಾರಜನಕವೊಂದನ್ನು ರಚಿಸುವ ವಂಶವಾಹಿಗೆ ಟಿಬಿಸಿ1ಡಿ4 ಎಂದು ಹೆಸರು. ಕೆಲವು ಇನ್ಯೂಟರಲ್ಲಿ ಆ ವಂಶವಾಹಿಯ ಬರಹ ನಡುವೆಯೇ ನಿಂತುಹೋಗಿದೆ. ತಾಯಿ ತಂದೆ ಇಬ್ಬರಿಂದಲೂ ಈ ದೋಷವನ್ನು ಪಡೆದವರು ಗ್ರೀನ್‌ಲೆಂಡಿನಲ್ಲಿ ನೂರಕ್ಕೆ ಸುಮಾರು ನಾಲ್ವರು. ಉಳಿದವರಿಗಿಂತ ಅವರಿಗೆ ಮಧುಮೇಹದ ಭಯ ಹತ್ತು ಪಟ್ಟು.

ಹಾಗೆಂದು ಮುಖಲಕ್ಷಣ ನೋಡಿ ರೋಗವನ್ನು ಊಹಿಸುವಂತಿಲ್ಲ. 1721ರಲ್ಲಿ ಪಾದ್ರಿ ಹಾನ್ಸ್ ಎಗೆಡೆ ಅಲ್ಲಿ ಬಂದಿಳಿದಂದಿನಿಂದ ಯೂರೋಪಿನವರೊಡನೆ ರಕ್ತಸಂಬಂಧ ಬೆಳೆಯುತ್ತಲೇ ಬಂದಿದೆ. ಇಂದಿನ ಗ್ರೀನ್‌ಲೆಂಡಿಗರ ಪೂರ್ವಜರ ಪಾಲನ್ನು ಲೆಕ್ಕಹಾಕಿದರೆ ಸರಾಸರಿ ಕಾಲು ಭಾಗದಷ್ಟು ಯೂರೋಪಿನದು. ಯಾರ ಕುಟುಂಬದಲ್ಲಿ ಯಾವ ಎಳೆ ಉಳಿದುಬಂದಿದೆ ಎಂಬುದನ್ನು ರಕ್ತಪರೀಕ್ಷೆ ಮಾತ್ರ ಹೇಳಬಲ್ಲುದು.

ಇಲ್ಲಿ ಇನ್ನೊಂದು ತೊಡಕಿದೆ. ಇಮ್ಮಡಿ ದೋಷವುಳ್ಳವರ ರಕ್ತದಲ್ಲಿ ಬರಿ ಹೊಟ್ಟೆಯ ಸಕ್ಕರೆ ಹೆಚ್ಚುಕಡಮೆ ಉಳಿದವರಂತೆಯೇ ತೋರಬಹುದು. ಸಕ್ಕರೆನೀರು ಕುಡಿಸಿ ಎರಡು ಗಂಟೆಯ ಬಳಿಕ ಅಳೆದಾಗಲಷ್ಟೇ ಅದು ಉಳಿದವರಿಗಿಂತ ಸರಾಸರಿ ಲೀಟರಿಗೆ 3.8 ಮಿಲಿಮೋಲ್, ಅಂದರೆ ಡೆಸಿಲೀಟರಿಗೆ ಸುಮಾರು 68 ಮಿಲಿಗ್ರಾಂ, ಮೇಲೇರಿರುವುದು ಕಾಣುತ್ತದೆ. ಬೆಳಗಿನ ಪರೀಕ್ಷೆಯೊಂದನ್ನೇ ನಂಬಿದರೆ ರೋಗ ವರ್ಷಗಟ್ಟಲೆ ಮರೆಯಲ್ಲಿ ಬೆಳೆಯಬಹುದು.

ಹೀಗೆ ಮರೆಯಲ್ಲಿ ಬೆಳೆದ ಸಕ್ಕರೆಗೆ ಬಲಿಯಾಗುವವುಗಳಲ್ಲಿ ನರಗಳೂ ಸೇರಿವೆ. ಅದು ನರತಂತುಗಳನ್ನು ನೇರವಾಗಿ ಹಾಳುಮಾಡುವುದಲ್ಲದೆ ಅವುಗಳಿಗೆ ಅನ್ನನೀರೊದಗಿಸುವ ಸೂಕ್ಷ್ಮ ರಕ್ತನಾಳಗಳನ್ನೂ ಕೆಡಿಸುತ್ತದೆ. ಬೆನ್ನುಹುರಿಯಿಂದ ಕಾಲ್ಬೆರಳಿನವರೆಗೆ ಸಾಗುವ ನೀಳ ನರಗಳಿಗೇ ಮೊದಲ ಪೆಟ್ಟು. ಪಾದದಲ್ಲಿ ಉರಿ, ಇರುವೆ ಹರಿದಂಥ ಅನುಭವ, ಆಮೇಲೆ ಜೋಮು, ಕಡೆಗೆ ಏನೂ ಇಲ್ಲ. ಈ 'ಏನೂ ಇಲ್ಲ' ಎಂಬುದೇ ಅತ್ಯಂತ ಅಪಾಯದ ಹಂತ. ನೋವು ದೇಹದ ಕಾವಲುಗಾರ. ಕಾವಲುಗಾರ ನಿದ್ರಿಸಿದ ಮನೆಗೆ ಕಳ್ಳ ನುಗ್ಗುವಂತೆ, ಜಡವಾದ ಪಾದಕ್ಕೆ ಬೂಟಿನೊಳಗಿನ ಕಲ್ಲೂ ತಿಳಿಯದು, ಬಿಗಿಯಾದ ಹೊಲಿಗೆಯೂ ತಿಳಿಯದು. ಧ್ರುವಪ್ರದೇಶದಲ್ಲಾದರೆ ಬೆರಳನ್ನು ಕೊಲ್ಲುವ ಚಳಿಯೂ ತಿಳಿಯದು. ಪುಟ್ಟ ಹುಣ್ಣು ಕೊಳೆತು ಕಾಲನ್ನೇ ಕತ್ತರಿಸಬೇಕಾದ ದುರ್ಗತಿಗೆ ಇದೇ ದಾರಿ.

ಆದರೂ ವಂಶವಾಹಿ ಹಣೆಬರಹವಲ್ಲ. ಇಮ್ಮಡಿ ದೋಷವುಳ್ಳವರಲ್ಲೂ ಹೆಚ್ಚು ಮೈಮುರಿದು ದುಡಿಯುವವರ ರಕ್ತದಲ್ಲಿ ಊಟದ ಬಳಿಕದ ಸಕ್ಕರೆ ಅಷ್ಟಾಗಿ ಏರದೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇನ್ಸುಲಿನ್ನಿನ ಕರೆಗೆ ಓಗೊಡದ ಬಾಗಿಲು ನಡಿಗೆಯ ಕರೆಗೆ ತೆರೆದುಕೊಳ್ಳಬಲ್ಲುದು.

ನರಗಳ ಸ್ಥಿತಿಯನ್ನರಿಯಲು ದೊಡ್ಡ ಯಂತ್ರಗಳೇನೂ ಬೇಡ. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ, ಶ್ರುತಿಕವಲನ್ನು ಮೀಟಿ ಹೆಬ್ಬೆರಳಿನ ಮೇಲಿರಿಸಿ, ರೋಗಿಗೆ ಸ್ಪರ್ಶವೂ ಕಂಪನವೂ ತಿಳಿಯುವುವೇ ಎಂದು ವೈದ್ಯರು ಕೇಳುತ್ತಾರೆ. ಮನೆಯಲ್ಲಿ ಮಾಡಬೇಕಾದುದು ಇನ್ನೂ ಸುಲಭ. ಮಧುಮೇಹವುಳ್ಳವರು ಮಲಗುವ ಮುನ್ನ ಪಾದಗಳನ್ನು ತಿರುಗಿಸಿ ನೋಡಿಕೊಳ್ಳಬೇಕು. ಬಗ್ಗಲಾಗದ ಹಿರಿಯರಿಗೆ ಮೊಮ್ಮಕ್ಕಳ ಕಣ್ಣು ಸಾಲದೆ? ನೋವು ಹೇಳಬೇಕಾದುದನ್ನು ಕಣ್ಣು ಹೇಳುವಂತಾದರೆ ಕಾಲು ಉಳಿಯುತ್ತದೆ.