‘ನೆಟ್‌ವರ್ಕ್ ಸಮಸ್ಯೆ’ ಅಂತ ಬರೆದು ಮುಚ್ಚಬೇಡಿ

2020ರ ಲಾಕ್‌ಡೌನ್. ಬೆಂಗಳೂರು ಬಿಟ್ಟು ದೋರನಹಳ್ಳಿಗೆ ಬಂದು, ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದೆ. ಅಕ್ಕನ ಮಗ ಮಾಳಿಗೆ ಹತ್ತಿ, ಮೊಬೈಲ್ ಎತ್ತಿ ಹಿಡಿದು ಆನ್‌ಲೈನ್ ಕ್ಲಾಸ್ ಕೇಳ್ತಿದ್ದ. ಸರ್ ತೆರೆದ ಬಾಯಿ ತೆರೆದೇ ಇತ್ತು, ಚಕ್ರ ತಿರುಗುತ್ತಿತ್ತು. ಕೊನೆಗೆ ಅವನು ಕೇಳಿದ: “ಮಾಮಾ, ಅವರ ಮಾರಿ ಕಾಣದಿದ್ರೂ ನಡೀತದ. ಮಾತಷ್ಟೇ ಬರೂಹಂಗ ಮಾಡಾಕ ಬರಂಗಿಲ್ಲೇನು?”

ಬರ್ತದ. ನನ್ನ ಸಿಟ್ಟು ಇರೋದೇ ಅಲ್ಲಿ.

ವಿಡಿಯೋ ಗಾಳಿಯಲ್ಲಿ ಸಾಗುವುದು ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ. ಸಿಗ್ನಲ್ ಸೊರಗಿದರೆ, ಒಂದೇ ಟವರ್‌ಗೆ ಊರೆಲ್ಲ ಜೋತುಬಿದ್ದರೆ, ಕೆಲವು ದಾರಿಯಲ್ಲೇ ಕಳೆದುಹೋಗುತ್ತವೆ. ಸಿನಿಮಾ ಆದರೆ ಕಳೆದದ್ದನ್ನು ಮತ್ತೆ ತರಿಸಬಹುದು. ಲೈವ್ ಪಾಠದಲ್ಲಿ ತರಿಸುವಷ್ಟರಲ್ಲಿ ಆ ಮಾತಿನ ಹೊತ್ತು ಮೀರಿರುತ್ತದೆ. ಅದಕ್ಕೇ ಮೊದಲೇ ಸ್ವಲ್ಪ ಹೆಚ್ಚಿಗೆ ಕಳಿಸಬೇಕು, ಹೊಲದ ಬುತ್ತಿಗೆ ನಮ್ಮವ್ವ ಎರಡು ರೊಟ್ಟಿ ಜಾಸ್ತಿ ಇಡುವ ಹಾಗೆ. ನಾಲ್ಕು ಪ್ಯಾಕೆಟ್ ಜೊತೆ, ಅವುಗಳಿಂದಲೇ ಲೆಕ್ಕ ಹಾಕಿದ ಐದನೆಯದನ್ನು ಕಳಿಸಿದರೆ, ಯಾವುದೇ ಒಂದು ಕಳೆದರೂ ಉಳಿದವುಗಳಿಂದ ಅದನ್ನು ಮತ್ತೆ ಕಟ್ಟಬಹುದು. ರೀಡ್ ಮತ್ತು ಸಾಲೊಮನ್ ಇದಕ್ಕಿಂತ ಗಟ್ಟಿ ಲೆಕ್ಕ ಕೊಟ್ಟದ್ದು 1960ರಲ್ಲಿ. ಗೆರೆ ಬಿದ್ದ ಸಿಡಿಯೂ ಹಾಡುತ್ತಿದ್ದದ್ದು ಅದರಿಂದ. 2012ರಲ್ಲಿ ಮಾನದಂಡವಾದ ಓಪಸ್ ಕೋಡೆಕ್‌ನಲ್ಲಿ, ಹಿಂದಿನ ಮಾತಿನ ಸಣ್ಣ ಪ್ರತಿಯನ್ನು ಮುಂದಿನ ಪ್ಯಾಕೆಟ್‌ಗೆ ಸೇರಿಸಿ ಕಳಿಸುವ ಸೌಲಭ್ಯವೇ ಇದೆ. ಪುಕ್ಕಟೆ.

“ಹೆಚ್ಚಿಗೆ ಕಳಿಸಿದರೆ ಡೇಟಾ ಖರ್ಚು, ಟವರ್‌ಗೂ ಇನ್ನಷ್ಟು ಭಾರ” ಅಂತೀರಿ. ನಿಜ. ಹಾಗಾದ್ರೆ ಮುಖ ಮಸುಕು ಮಾಡಿ, ಉಳಿದ ಜಾಗ ಮಾತಿಗೆ ಕೊಡಿ. ಮೊದಲು ಧ್ವನಿ, ಆಮೇಲೆ ಬೋರ್ಡು, ಕೊನೆಗೆ ಮುಖ. ಮಾತಿಗೆ ಬೇಕಾಗುವುದು ವಿಡಿಯೋದ ಒಂದು ಚೂರು ಮಾತ್ರ. ಅದನ್ನು ಎರಡೆರಡು ಸಲ ಕಳಿಸಿದರೂ ಯಾರ ಪ್ಯಾಕೂ ಖಾಲಿ ಆಗಲ್ಲ.

ಇದನ್ನೆಲ್ಲ ಬಲ್ಲವರೇ ನಾವು. ಆದರೆ ಟೆಸ್ಟ್ ಮಾಡೋದು ಆಫೀಸಿನ ವೈಫೈನಲ್ಲಿ. ಹಳ್ಳಿಯಿಂದ ದೂರು ಬಂದರೆ ‘ಯೂಸರ್ ಕಡೆಯ ನೆಟ್‌ವರ್ಕ್ ಸಮಸ್ಯೆ’ ಅಂತ ಬರೆದು ಟಿಕೆಟ್ ಮುಚ್ಚುತ್ತೇವೆ. ನಾನೂ ಮುಚ್ಚಿದ್ದೇನೆ. ಆ ಯೂಸರ್ ನಮ್ಮ ಮನೆ ಮಾಳಿಗೆ ಮೇಲೇ ನಿಂತಿರಬಹುದು ಅಂತ ಆಗ ಹೊಳೆದಿರಲಿಲ್ಲ.

ಲಿನಕ್ಸ್‌ನಲ್ಲಿ ನೆಟೆಮ್ ಇದೆ. ಒಂದು ಸಾಲು ಬರೆದರೆ ನೂರಕ್ಕೆ ಹತ್ತು ಪ್ಯಾಕೆಟ್ ಬೀಳಿಸುತ್ತದೆ. ಮುಂದಿನ ರಿಲೀಸ್‌ಗೆ ಮುಂಚೆ ಅದನ್ನು ಹಾಕಿಕೊಂಡು, ನಿಮ್ಮದೇ ಆ್ಯಪ್‌ನಲ್ಲಿ ಒಂದು ತಾಸು ಪಾಠ ಕೇಳಿ. ಆಮೇಲೂ ನೆಟ್‌ವರ್ಕ್ ಸರಿ ಇಲ್ಲ ಅನ್ನೋ ಧೈರ್ಯ ಇದ್ರೆ, ದೋರನಹಳ್ಳಿಗೆ ಬಂದು ಆ ಹುಡುಗನ ಮುಂದೆಯೇ ಹೇಳಿ.