ಗರ್ಭಕೋಶಕ್ಕೂ ಒಂದು ಹದವುಂಟು

ಹದವಿಲ್ಲದ ಹೊಲದಲ್ಲಿ ಕೂರಿಗೆ ಹೂಡುವ ಒಕ್ಕಲಿಗನು ನಮ್ಮ ಅಕ್ಕಲಕೋಟೆ, ಜತ್ತದ ಸೀಮೆಯಲ್ಲಿ ಯಾವನೂ ಇಲ್ಲ. ಮಳೆ ಬಿದ್ದು, ಎರೆಮಣ್ಣು ಕಾಲಿಗೆ ಅಂಟದಂತಾದ ಮೇಲೆಯೇ ಅವನು ಬೀಜದ ಚೀಲಕ್ಕೆ ಕೈ ಹಾಕುತ್ತಾನೆ. ಆದರೆ ಆಕಳಿನ ವಿಷಯ ಬಂದಾಗ ಈ ವಿವೇಕವು ಎಲ್ಲಿಗೋ ಹೋಗುತ್ತದೆ. ಬೆದೆಗೆ ಬಂದಿತೆಂದು ಇಂಜೆಕ್ಷನ್ ಹಾಕಿಸುತ್ತೇವೆ, ಗಬ್ಬ ನಿಲ್ಲುವುದಿಲ್ಲ. ಮತ್ತೆ ಹಾಕಿಸುತ್ತೇವೆ, ನಿಲ್ಲುವುದಿಲ್ಲ. ಮೂರನೆಯ ಸಲಕ್ಕೆ “ಇದು ಗೊಡ್ಡು” ಎಂದು ಸಂತೆಗೆ ಹೊಡೆಯುತ್ತೇವೆ. ಈ ತೀರ್ಮಾನವು ಎಷ್ಟೋ ಸಲ ಅವಸರದ್ದೆಂದು ಹೇಳದೆ ವಿಧಿಯಿಲ್ಲ.

ಬೀಜ ಕೂಡಿದ ಮಾತ್ರಕ್ಕೆ ಗಬ್ಬ ನಿಂತಂತಾಗಲಿಲ್ಲ. ಆರೋಗ್ಯವಾದ ಕಡಸುಗಳಲ್ಲಿ ನೂರಕ್ಕೆ ಸುಮಾರು 90 ಸಲ ಅಂಡವು ಫಲಿಸುತ್ತದೆ. ಆದರೂ ಅಷ್ಟು ಕರುಗಳು ಹುಟ್ಟುವುದಿಲ್ಲ. ನಡುವೆ ಅಳಿದುಹೋಗುವ ಭ್ರೂಣಗಳಲ್ಲಿ ಹೆಚ್ಚಿನವು ಮೊದಲ ಮೂರು ವಾರಗಳೊಳಗೇ ಅಳಿಯುತ್ತವೆ. ಆ ಮೂರು ವಾರ ಅವನ್ನು ಸಾಕಬೇಕಾದದ್ದು ಗರ್ಭಕೋಶದ ಒಳಪದರ.

ಅದು ಹದಕ್ಕೆ ಬರುವ ಬಗೆಯನ್ನು ನೋಡೋಣ. ಬೆದೆಯ ಹೊತ್ತಿಗೆ ಈಸ್ಟ್ರೊಜನ್ ಎಂಬ ರಸವು ಒಳಪದರವನ್ನು ಸಜ್ಜುಗೊಳಿಸುತ್ತದೆ. ಅಂಡವು ಹೊರಬಿದ್ದ ಜಾಗದಲ್ಲಿ ಹಳದಿ ಬಣ್ಣದ ಗಂಟೊಂದು ಬೆಳೆದು ಪ್ರೊಜೆಸ್ಟರಾನ್ ಎಂಬ ಇನ್ನೊಂದು ರಸವನ್ನು ಕೊಡುತ್ತದೆ. ಅದರ ಪ್ರಭಾವದಿಂದ ಒಳಪದರದ ಗ್ರಂಥಿಗಳು ಪೋಷಕ ದ್ರವವನ್ನು ಸುರಿಸುತ್ತವೆ; ಇದಕ್ಕೆ ಗರ್ಭಕೋಶದ ಹಾಲೆಂದೇ ಹೆಸರು. ಭ್ರೂಣವು 4-5ನೆಯ ದಿನಕ್ಕೆ ಗರ್ಭಕೋಶಕ್ಕೆ ಇಳಿದು, ಈ ಹಾಲಿನಲ್ಲಿಯೇ ಎರಡು ವಾರ ತೇಲುತ್ತ ನೂಲಿನಂತೆ ಉದ್ದವಾಗುತ್ತದೆ.

16ನೆಯ ದಿನದ ಸುಮಾರಿಗೆ ಭ್ರೂಣವು ಇಂಟರ್‌ಫೆರಾನ್ ಟೌ ಎಂಬ ವಸ್ತುವಿನ ಮೂಲಕ ತಾನಿರುವ ಸುದ್ದಿಯನ್ನು ತಾಯಿಗೆ ಮುಟ್ಟಿಸುತ್ತದೆ. ಸುದ್ದಿ ಮುಟ್ಟಿದರೆ ಹಳದಿ ಗಂಟು ಉಳಿಯುತ್ತದೆ. ಮುಟ್ಟದಿದ್ದರೆ ಒಳಪದರವೇ ಪ್ರೊಸ್ಟಗ್ಲಾಂಡಿನ್ ಎಂಬ ರಸವನ್ನು ಬಿಟ್ಟು ಗಂಟನ್ನು ಕರಗಿಸುತ್ತದೆ. 21ನೆಯ ದಿನದ ಹೊತ್ತಿಗೆ ಆಕಳು ತಿರುಗಿ ಬೆದೆಗೆ ಬರುತ್ತದೆ. ಗಂಟು ಉಳಿದಲ್ಲಿ, 19-20ನೆಯ ದಿನದಿಂದ ಭ್ರೂಣದ ಹೊದಿಕೆಯು ಒಳಪದರಕ್ಕೆ ಅಂಟತೊಡಗುತ್ತದೆ. ಈದ ಮೇಲೆ ಬೀಳುವ ಮಾಸಿನಲ್ಲಿ ನಾವು ಕಾಣುವ ಗುಂಡನೆಯ ಮಚ್ಚೆಗಳು ಈ ಅಂಟಿನವೇ.

ಈ ಹದಕ್ಕೆ ದಿನದ ಲೆಕ್ಕ ಬಲು ಬಿಗಿ. ಒಂದು ಆಕಳಿನ ಭ್ರೂಣವನ್ನು ಇನ್ನೊಂದರ ಗರ್ಭಕ್ಕೆ ಇರಿಸಿ ಕರು ಪಡೆದ ವರದಿಯು 1951ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಬಂದಿತು. ಈಗ ಅನೇಕ ದೇಶಗಳಲ್ಲಿ ಈ ಕೆಲಸ ನಡೆದಿದೆ. ಏಳು ದಿನದ ಭ್ರೂಣವನ್ನು ಇರಿಸಬೇಕಾದರೆ, ಸಾಕುತಾಯಿಯೂ ಏಳು ದಿನದ ಹಿಂದೆ, ಹೆಚ್ಚೆಂದರೆ ಒಂದು ದಿನ ಹಿಂದುಮುಂದಾಗಿ, ಬೆದೆಗೆ ಬಂದಿರಬೇಕು. ಎರಡು ಮೂರು ದಿನ ತಪ್ಪಿದರೆ ಒಳ್ಳೆಯ ಭ್ರೂಣವೂ ನಿಲ್ಲುವುದು ಕಷ್ಟ.

ಬೀಜದ ದೋಷ, ಇಂಜೆಕ್ಷನ್ ಹಾಕುವವನ ಕೈದೋಷ ಇಲ್ಲವೇ ಎಂದು ಕೆಲವರು ಕೇಳಬಹುದು. ಅವೂ ಉಂಟು. ಬೆದೆಯ ವೇಳೆ ತಪ್ಪಿಸುವುದೂ ಉಂಟು. ಬೆಳಿಗ್ಗೆ ಬೆದೆ ಕಂಡರೆ ಸಂಜೆಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಹಾಕಿಸುವುದು ಸರಿಯಾದ ಪದ್ಧತಿ. ಆದರೆ ಒಳಪದರವನ್ನು ಕೆಡಿಸುವ ಕೆಲಸಗಳು ನಮ್ಮ ಕೊಟ್ಟಿಗೆಯಲ್ಲೇ ನಡೆಯುತ್ತವೆ. ಮಾಸು ಬೀಳಲಿಲ್ಲವೆಂದು ತೊಳೆಯದ ಕೈಯಿಂದ ಎಳೆಯುವುದು, ಕೀವಿನಂಥ ಲೋಳೆ ಸೋರುತ್ತಿದ್ದರೂ ಸುಮ್ಮನಿರುವುದು, ಹಾಲು ಕರೆಯುವ ಆಕಳಿಗೆ ಬರೀ ಒಣ ಕಣಿಕೆ ಹಾಕುವುದು, ಇವು ಒಂದು ಬಗೆ. ನಮ್ಮ ಬೇಸಿಗೆಯ ಬಿಸಿಲಂತೂ ಎಳೆಯ ಭ್ರೂಣಕ್ಕೆ ಮಾರಕ. ನೆರಳೂ ತಣ್ಣೀರೂ ಸಿಗದ ಆಕಳು ಗಬ್ಬ ನಿಲ್ಲಲಿಲ್ಲವೆಂದರೆ ಅದನ್ನು ದೂರಿ ಫಲವೇನು?

ಈದ ಗರ್ಭಕೋಶವು ಕುಗ್ಗಿ ಮೊದಲಿನಂತಾಗಲು 4ರಿಂದ 6 ವಾರ ಬೇಕು. ಆದ್ದರಿಂದ ಸುಮಾರು 60 ದಿನ ಕಾಯುವುದು ಲೇಸು. ಹಾಲಿನ ಆಸೆಯಿಂದ ಮೊದಲ ಬೆದೆಗೇ ಹಾಕಿಸುವವರು ಹಣವನ್ನೂ ಬೀಜವನ್ನೂ ಕಳೆದುಕೊಳ್ಳುತ್ತಾರೆ.

ಇದಕ್ಕೆಲ್ಲ ದೊಡ್ಡ ಖರ್ಚು ಬೇಡ. ದವಾಖಾನೆಯ ಚೀಟಿ ಮರಾಠಿಯಲ್ಲಿದ್ದರೂ ಇರಲಿ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಈದ ದಿನ, ಬೆದೆಯ ದಿನ, ಇಂಜೆಕ್ಷನ್ನಿನ ದಿನಗಳನ್ನು ನಮ್ಮ ಅಕ್ಷರದಲ್ಲಿ ಗುರುತಿಸಿ ಇಡಿ. ಶಾಲೆಗೆ ಹೋಗುವ ಮಗಳು ಬರೆದಾಳು. ಆಕಳು 21 ದಿನಕ್ಕೆ ತಿರುಗಿ ಬೆದೆಗೆ ಬಂದರೆ ಅಂಡ ಫಲಿಸಿಲ್ಲ, ಇಲ್ಲವೆ ಭ್ರೂಣ ಬೇಗನೆ ಅಳಿದಿದೆ. 25ರಿಂದ 35 ದಿನಕ್ಕೆ ಬಂದರೆ, ಭ್ರೂಣ ಸುದ್ದಿ ಮುಟ್ಟಿಸಿದ ಮೇಲೆ ಅಳಿದಿರುವ ಶಂಕೆ ಉಂಟು. ಪಶುವೈದ್ಯರಿಗೆ ಈ ತಾರೀಖುಗಳೇ ಅರ್ಧ ಪರೀಕ್ಷೆ.

ಮೂರು ಸಲ ನಿಲ್ಲದ ಆಕಳನ್ನು ನಾಲ್ಕನೆಯ ಇಂಜೆಕ್ಷನ್ನಿಗಾಗಲಿ ಸಂತೆಗಾಗಲಿ ಒಯ್ಯುವ ಮುನ್ನ ಗರ್ಭಕೋಶವನ್ನು ಪರೀಕ್ಷೆ ಮಾಡಿಸಿರಿ. ಒಳಪದರದ ಸೋಂಕು ಎಷ್ಟೋ ಸಲ ಚಿಕಿತ್ಸೆಗೆ ಬಗ್ಗುವಂಥದು. ಗುಣವಾಗುವ ಆಕಳನ್ನು ಗೊಡ್ಡೆಂದು ಕಳೆದುಕೊಂಡ ಮನೆಗೆ ಹಾಲೂ ಹೋಯಿತು, ಮುಂದಿನ ಕರುವೂ ಹೋಯಿತು.